ಆಡಳಿತ ದಕ್ಷತೆಯವರಿಗೆ, ಒಂದು ಬೂದುಗುಂಬಳದ ವಿಷಯವಾಗಿ

ಮಾನ್ಯ ಆಡಳಿತ ದಕ್ಷತೆಯವರೇ,

ತಮ್ಮ ಸುಕೋಮಲ ಪಾದಗಳಿಗೆ ಕೋಲಾರ ಸೀಮೆಯ ಕೇರಿಯೊಂದರಿಂದ, ತಾಗದಷ್ಟು ದೂರ ನಿಂತು ಮಾಡುವ ನಮಸ್ಕಾರಗಳು.

ತಾವು ಕ್ಷೇಮವೆಂದು ನ್ಯಾಯಾಲಯದ ತೀರ್ಪಿನಿಂದ ತಿಳಿದು ಸಂತೋಷವಾಯಿತು. ಬಡ್ತಿಯಲ್ಲಿ ನಮ್ಮವರಿಗೆ ಮೀಸಲಾತಿ ಕೊಡುವ ಮುನ್ನ, ಅದರಿಂದ ತಮ್ಮ ಆರೋಗ್ಯ ಕೆಡುವುದಿಲ್ಲವೆಂದು ಸರ್ಕಾರ ಅಂಕಿಅಂಶ ಸಮೇತ ತೋರಿಸಬೇಕಂತೆ. ತೋರಿಸದಿದ್ದರೆ ಕೊಟ್ಟ ಬಡ್ತಿಯೂ ವಾಪಸ್ಸಂತೆ. ನಮ್ಮ ನೆರಳಿಗೇ ಬಾಡುವಷ್ಟು ತಾವು ಸುಕುಮಾರರೆಂದು ಅರಿಯದೆ, ನಮ್ಮ ಕೇರಿಯ ಮುನಿರತ್ನಮ್ಮನವರು ಬಡ್ತಿ ಪಡೆದು ತಾಲ್ಲೂಕು ಕಚೇರಿಯ ಶಿರಸ್ತೇದಾರರ ಕುರ್ಚಿಯಲ್ಲಿ ಕೂತುಬಿಟ್ಟರು. ಕ್ಷಮೆಯಿರಲಿ.

ಅವರು ಕೂತ ವರ್ಷದ ಆಯುಧಪೂಜೆಯಲ್ಲೇ ತಮ್ಮ ಕಾಯಿಲೆಯ ಸುಳಿವು ಸಿಕ್ಕಿತ್ತು. ಶಿರಸ್ತೇದಾರರೇ ಬೂದುಗುಂಬಳ ಒಡೆದು ಎಲ್ಲರ ಕೈಗೂ ಕಡ್ಲೆಪುರಿ ಹಾಕುವುದು ಆ ಕಚೇರಿಯ ಹಳೆಯ ಪದ್ಧತಿ. ಆಯಮ್ಮ ಹಿತ್ತಲಲ್ಲಿ ಬೆಳೆದ ಕಾಯನ್ನೇ ಹೊತ್ತು ತಂದಿದ್ದರು. ಕೈಕೆಳಗಿದ್ದ ದಯಾನಂದರು ಕೈ ಹೊಸೆಯುತ್ತ, "ಈ ಸಲ ಬೇಡ ಬಿಡಿ ಮೇಡಂ, ಆಡಿಟ್‌ನೋರು ಬರ್ತವ್ರೆ, ಎರಡು ಊದುಬತ್ತಿ ಹಚ್ಚಿ ಮುಗಿಸ್ಬಿಡೋಣ" ಎಂದರು. ಆಡಿಟ್‌ನವರು ಬರಲಿಲ್ಲ. ಕಾಯಿ ಬೀರುವಿನ ಹಿಂದೆ ಕೊಳೆಯಿತು.

ಆಮೇಲೆ ತೀರ್ಪು ಬಂತು. ಮುನಿರತ್ನಮ್ಮನವರಿಗೆ ಹಿಂಬಡ್ತಿಯಾಗಿ, ದಯಾನಂದರು ಶಿರಸ್ತೇದಾರರಾದರು. ಮರುವರ್ಷದ ಪೂಜೆಗೆ ಆಡಿಟ್ ಅಡ್ಡಬರಲಿಲ್ಲ: ಮೂರು ಕುಂಬಳಕಾಯಿ, ಬಾಳೆಕಂಬ, ಕುರ್ಚಿಗೆ ಅರಿಶಿನದ ನೀರಿನ ಸ್ನಾನ. "ಮುನಿರತ್ನಮ್ಮ, ನಿನ್ ಪಾಲು ಕಡ್ಲೆಪುರಿ ಟೇಬಲ್ ಮೇಲೈತೆ, ತಗೊಳಮ್ಮ" ಎಂದರು ದಯಾನಂದರು. ಹಿಂಬಡ್ತಿಯ ಆದೇಶ 'ಮೇಡಂ' ಎಂಬ ಮಾತಿಗೂ ಅನ್ವಯವಾಗುವುದೆಂದು ನಮಗೆ ತಿಳಿದದ್ದು ಆಗಲೇ. ಆಯಮ್ಮ, "ಅಲ್ಲೇ ಇರ್ಲಿ ಸಾರ್, ಇರುವೆಗಳು ತಿಂತವೆ. ಅವು ಕೊಟ್ಟೋರ ಜಾತಿ ಕೇಳಲ್ಲ" ಎಂದರಂತೆ.

ಸಮಾನ ಅವಕಾಶಕ್ಕಾಗಿ ನಮ್ಮ ಬಡ್ತಿಯ ವಿರುದ್ಧ ಕೋರ್ಟಿನ ಮೆಟ್ಟಿಲೇರಿದ ಮಹನೀಯರ ಔದಾರ್ಯವನ್ನೂ ಕೊಂಡಾಡಲೇಬೇಕು. ಅದೇ ಕಚೇರಿಯ ಕಕ್ಕಸು ತೊಳೆಯುವ ಕೆಲಸ ತಲೆಮಾರುಗಳಿಂದ ನೂರಕ್ಕೆ ನೂರು ನಮ್ಮ ಕೇರಿಗೇ ಸಿಕ್ಕಿದ್ದರೂ, ಅದರಲ್ಲಿ ತಮಗೂ ಪಾಲು ಬೇಕೆಂದು ಅವರು ಒಂದು ತಕರಾರು ಅರ್ಜಿಯನ್ನೂ ಹಾಕಿಲ್ಲ.

ಮುನಿರತ್ನಮ್ಮನವರ ಮೇಲ್ಮನವಿ ಈ ಆಯುಧಪೂಜೆಗೆ ಮುನ್ನ ವಿಚಾರಣೆಗೆ ಬರಲಿದೆ. ಹಬ್ಬ ಕಳೆದ ತಿಂಗಳಿಗೆ ಅವರ ನಿವೃತ್ತಿ. ಆದ್ದರಿಂದ ತಾವು ದಯಮಾಡಿ ಖುದ್ದು ಹಾಜರಾಗಿ, ಕಟಕಟೆ ಹತ್ತಿ, ಆಯಮ್ಮ ಆ ಕುರ್ಚಿಗೆ ಬರುವ ಮೊದಲು ವಿಧವೆಯರ ಪಿಂಚಣಿ ಅರ್ಜಿಗಳು ಅಲ್ಲಿ ಗೆದ್ದಲು ಹಿಡಿಯುತ್ತಿದ್ದಾಗ ತಾವು ಯಾವ ಊರಿಗೆ ರಜೆ ಹಾಕಿ ಹೋಗಿದ್ದಿರೆಂದು ಪ್ರಮಾಣ ಮಾಡಿ ಹೇಳಬೇಕು. ತಮ್ಮನ್ನು ನಮ್ಮಲ್ಲಿ ಯಾರೂ ಕಂಡಿಲ್ಲವಾದ್ದರಿಂದ ಭಾವಚಿತ್ರವಿರಲಿ. ನಾವು ಹತ್ತಿರ ಬಂದಾಗ ಮಾತ್ರ ತಮಗೆ ಜ್ವರ ಬರುವುದರಿಂದ, ಜಾತಿ ಪ್ರಮಾಣಪತ್ರವೂ ಜೊತೆಗಿರಲಿ.

ತಮ್ಮ ದರ್ಶನಕ್ಕಾಗಿ ಇನ್ನೂ ಸರತಿಯಲ್ಲಿ ನಿಂತಿರುವ,
ತಮ್ಮ ವಿಶ್ವಾಸಿ,
ವೆಂಕಟಮುನಿ
ಸಂಚಾಲಕ, ಶೋಷಿತ ನೌಕರರ ಹೋರಾಟ ಸಮಿತಿ

ಮರೆತ ಮಾತು: ಮುನಿರತ್ನಮ್ಮನವರ ಹಿತ್ತಲಲ್ಲಿ ಈ ಸಲವೂ ಕಾಯಿ ಬಲಿತಿದೆ. "ಇನ್ನೊಂದ್ ಕಾಯಿ ಕೊಳೆಯೋಕ್ ಬಿಡಲ್ಲ ಕಣಣ್ಣ. ಕುರ್ಚಿ ಬಂದ್ರೆ ಕಚೇರೀಲಿ ಒಡೀತೀನಿ, ಬರ್ಲಿಲ್ಲ ಅಂದ್ರೆ ಕೋರ್ಟ್ ಬಾಗ್ಲಲ್ಲೇ ಒಡೀತೀನಿ" ಎಂದಿದ್ದಾರೆ. ತಾವು ಸುಕುಮಾರರು, ಬಾಗಿಲಿಗೆ ಅಡ್ಡ ನಿಲ್ಲಬೇಡಿ.