ಗಂಟಲವರೆಗೆ ತುಂಬಿಸಿಕೊಂಡ ಬಿಸಿನೀರಿನ ಚೀಲಕ್ಕೆ

ಮಾನ್ಯ ಬಿಸಿನೀರಿನ ಚೀಲದವರೇ,

ಸಾಗರ ಪೇಟೆಯ ಔಷಧದಂಗಡಿಯಿಂದ ದಯಮಾಡಿಸಿ, ನಮ್ಮ ಕೋಣೆಯ ಮೊಳೆಯನ್ನೇ ಸಿಂಹಾಸನವೆಂದು ಒಪ್ಪಿಕೊಂಡು ನೇತಾಡುತ್ತಿರುವ ತಮ್ಮ ಕೆಂಪು ರಬ್ಬರಿನ ಘನ ಸನ್ನಿಧಿಗೆ ಸುಬ್ಬರಾಯನ ಸಾಷ್ಟಾಂಗ ನಮಸ್ಕಾರಗಳು. ಸೊಂಟ ಇನ್ನೂ ಪೂರ್ತಿ ಬಗ್ಗದ ಕಾರಣ ಸಾಷ್ಟಾಂಗವನ್ನು ಸದ್ಯಕ್ಕೆ ಬರವಣಿಗೆಯಲ್ಲೇ ಸ್ವೀಕರಿಸಬೇಕಾಗಿ ಪ್ರಾರ್ಥನೆ.

ತಾವು ಹೊಸಬರಾದ್ದರಿಂದ ನನ್ನ ಪರಿಚಯ ಹೇಳಿಕೊಳ್ಳುವುದು ಧರ್ಮ. ಕಾರ್ಗಲ್ಲಿನಿಂದ ತೀರ್ಥಹಳ್ಳಿಯವರೆಗೆ ನಮ್ಮ ನೆಂಟರ ಮನೆಯಲ್ಲಿ ಮದುವೆಯಾಗಲಿ, ಮುಂಜಿಯಾಗಲಿ, ಪಾಯಸದ ಬಕೆಟ್ ಹಿಡಿಯುವವನು ನಾನೇ. ನಮ್ಮಲ್ಲಿ ನೆಂಟರೇ ಪಂಚೆ ಎತ್ತಿಕಟ್ಟಿ ಪಂಕ್ತಿಗೆ ಬಡಿಸುವುದು ರೂಢಿ. ಅದೂ ಸುಮ್ಮನೆ ಬಡಿಸಿದರೆ ಸಾಲದು, ಉಣ್ಣುವವರು ಎಲೆಗೆ ಎರಡೂ ಕೈ ಅಡ್ಡ ಹಿಡಿದು ಬೇಡವೇ ಬೇಡವೆನ್ನುವವರೆಗೆ ಒತ್ತಾಯ ಮಾಡಬೇಕು, ಆಮೇಲೂ ಬೆರಳ ಸಂದಿಯಲ್ಲಿ ಒಂದು ಸೌಟು ಇಳಿಸಬೇಕು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ನಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ, ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ಹೇಳಿದ್ದೇನೆ. ನನ್ನ ಷಡ್ಡಕ ಹೇರಂಬನಿಗೆ ಆ ಬಕೆಟ್ಟಿನ ಮೇಲೆ ಬಹಳ ದಿನದಿಂದ ಕಣ್ಣು.

ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತು. ನನ್ನ ಹೆಂಡತಿ ಶರಾವತಿಯ ಅಣ್ಣನ ಮಗಳು ದೀಪ್ತಿಯ ಮದುವೆ ತೀರ್ಥಹಳ್ಳಿಯಲ್ಲಿ ನಿಗದಿಯಾಗಿತ್ತು. ಅಷ್ಟರೊಳಗೆ ಸೊಂಟ ಸರಿಯಾಗದಿದ್ದರೆ ಬಕೆಟ್ ಹೇರಂಬನ ಪಾಲಾಗುವುದು ಖಂಡಿತವಿತ್ತು. ದೀಪ್ತಿ ಫಿಸಿಯೋಥೆರಪಿ ಓದಿದವಳು. ಬಂದು ನೋಡಿ, ಊತವಿಲ್ಲ, ಹೊಸ ಪೆಟ್ಟಲ್ಲ, ಬರೀ ಸ್ನಾಯು ಬಿಗಿದದ್ದು, ಬಿಸಿ ಶಾಖ ಕೊಡಬಹುದು ಎಂದು ತಮ್ಮನ್ನು ತಂದುಕೊಟ್ಟಳು. ಕುದಿಯುವ ನೀರು ಹಾಕಬಾರದು, ಮೂರರಲ್ಲಿ ಎರಡು ಪಾಲಷ್ಟೇ ತುಂಬಿಸಿ ಗಾಳಿ ಹಿಂಡಿ ಬಿರಡೆ ಬಿಗಿಯಬೇಕು, ಟವೆಲ್ ಸುತ್ತಬೇಕು, ಮೈಮೇಲೆ ಇಟ್ಟುಕೊಳ್ಳಬೇಕೇ ಹೊರತು ಅದರ ಮೇಲೆ ಮಲಗಬಾರದು, ನೋವಿನ ಮುಲಾಮು ಹಚ್ಚಿದಲ್ಲಿ ಶಾಖ ಬೇಡ, ಕಾಲು ಗಂಟೆಯಾದ ಮೇಲೆ ತೆಗೆದಿಡಬೇಕು ಎಂದೆಲ್ಲ ಹೇಳಿದಳು. ನಾನು ಭಕ್ತಿಯಿಂದ ತಲೆಯಾಡಿಸಿದೆ. ಕೇಳಿಸಿಕೊಂಡೆ ಎಂದು ಹೇಳುತ್ತಿಲ್ಲ, ತಲೆಯಾಡಿಸಿದೆ ಎಂದಷ್ಟೇ ಹೇಳುತ್ತಿದ್ದೇನೆ.

ಈಗ ತಮ್ಮ ಮೇಲಿನ ದೂರಿಗೆ ಬರುತ್ತೇನೆ. ನಮ್ಮ ಬಚ್ಚಲ ಹಂಡೆಯಲ್ಲಿ ನೀರು ಸದಾ ಕುದಿಯುತ್ತಲೇ ಇರುತ್ತದೆ, ಬಂದ ನೆಂಟರಿಗೆ ಮೊದಲು ಸ್ನಾನದ ಉಪಚಾರ. ತಾವೂ ನಮ್ಮ ಮನೆಗೆ ಬಂದ ನೆಂಟರೇ ಅಲ್ಲವೇ? ಅದೇ ಹಂಡೆಯಿಂದ ತಂಬಿಗೆ ತಂಬಿಗೆ ಬಗ್ಗಿಸಿ ತಮಗೆ ಬಡಿಸಿದೆ. ಮೂರರಲ್ಲಿ ಎರಡು ಪಾಲಾದಾಗ ಕೈ ತಡೆಯಿತು ನಿಜ. ಆದರೆ ನನ್ನ ಕೈಯಿಂದ ಅರೆಹೊಟ್ಟೆಯಲ್ಲಿ ಯಾರೂ ಎದ್ದು ಹೋದದ್ದಿಲ್ಲ, ಇನ್ನೊಂದು ಸ್ವಲ್ಪ, ಇನ್ನೊಂದೇ ತಂಬಿಗೆ ಎಂದು ಒತ್ತಾಯ ಮಾಡಿದೆ. ತಾವಾದರೂ ಬೇಡವೆನ್ನಬಾರದಿತ್ತೇ? ಎಂಥ ಸಂಕೋಚದ ಪ್ರಾಣಿಯೂ ಎಲೆಗೆ ಕೈ ಅಡ್ಡ ಹಿಡಿಯುತ್ತದೆ. ತಾವು ಗಂಟಲವರೆಗೆ ಕುಡಿದು, ಹೊಟ್ಟೆ ಉಬ್ಬಿಸಿಕೊಂಡು, ತುಟಿಪಿಟಕ್ಕೆನ್ನದೆ ಕೂತಿರಿ.

ಮೊದಲೇ ಮುಲಾಮು ತಿಕ್ಕಿಕೊಂಡಿದ್ದೆ. ಟವೆಲ್ ಒಣಗಲು ಹಾಕಿತ್ತು, ತರಲು ಯಾರು ಏಳುತ್ತಾರೆಂದು ಬರಿ ಬೆನ್ನಿಗೇ ತಮ್ಮನ್ನು ಕೊಟ್ಟು, ಊಟದ ಮೇಲಿನ ಜೊಂಪಿನಲ್ಲಿ ಅಂಗಾತ ಮಲಗಿದೆ. ನನ್ನ ಇಡೀ ಭಾರ ಬಿದ್ದಾಗ ತಮ್ಮ ಬಿರಡೆ ಕಿತ್ತುಕೊಂಡಿತು. ನಾನು ಕೂಗಿದ ಕೂಗಿಗೆ ಓಡಿಬಂದ ಶರಾವತಿ ನನ್ನನ್ನು ನಲ್ಲಿಯ ತಣ್ಣೀರಿನ ಕೆಳಗೆ ಬಹಳ ಹೊತ್ತು ನಿಲ್ಲಿಸಿ, ಬೆಣ್ಣೆ ಹಚ್ಚು ಎಂಬ ನನ್ನ ಸಲಹೆಗೆ ಕಿವಿಗೊಡದೆ ಆಸ್ಪತ್ರೆಗೆ ಕರೆದೊಯ್ದಳು. ಅಂಗೈಯಗಲದ ಬೊಬ್ಬೆ ಬಂದಿತ್ತು. ಸುದ್ದಿ ತಿಳಿದ ದೀಪ್ತಿ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: “ಎಂತ ಮಾವ, ಚೀಲಕ್ಕೂ ಒತ್ತಾಯ ಮಾಡಿ ಬಡಿಸ್ದ್ಯಾ?”

ಮದುವೆಯ ದಿನ ನಾನು ಮೊದಲ ಪಂಕ್ತಿಯಲ್ಲಿ, ಗೋಡೆಗೂ ಒರಗಲಾಗದೆ, ಪರೀಕ್ಷೆಗೆ ಕೂತವನಂತೆ ನೆಟ್ಟಗೆ ಕೂತಿದ್ದೆ. ಹೇರಂಬ ನನ್ನ ಬಕೆಟ್ ಹಿಡಿದು, ನನ್ನದೇ ನಡಿಗೆಯಲ್ಲಿ ಬಂದ. “ನಿಂಗೆ ಇವತ್ತು ಬಗ್ಗ ಕೆಲ್ಸ ಇಲ್ಲೆ, ಹೊಟ್ಟೆ ತುಂಬ ಉಣ್ಣು” ಎಂದು ಎಲೆ ತುಂಬ ಪಾಯಸ ಸುರಿದ. ಪಾಯಸ ಚೆನ್ನಾಗಿತ್ತು, ಅದೇ ಹೆಚ್ಚು ಹೊಟ್ಟೆ ಉರಿಸಿತು. ಬಡಿಸುವವರ ಸಾಲಿನಲ್ಲಿ ನಾನೇಕಿಲ್ಲವೆಂದು ಯಾರೂ ಕೇಳಲೂ ಇಲ್ಲ; ನನಗೆ ನಿಜಕ್ಕೂ ಅಳು ಬಂತು.

ಗಾಯ ಪೂರ್ತಿ ಮಾಗಿದ ಮೇಲೆ, ದೀಪ್ತಿಯ ಒಪ್ಪಿಗೆ ಪಡೆದು, ಶರಾವತಿಯ ಕಾವಲಿನಲ್ಲಿ ತಮ್ಮೊಡನೆ ಮತ್ತೆ ಸಂಬಂಧ ಬೆಳೆಸಿದ್ದೇನೆ. ನೀರು ಹದ, ಚೀಲ ಅರೆಹೊಟ್ಟೆ, ಸುತ್ತ ಟವೆಲ್, ಮೊದಲು ಮುಂಗೈ ಒಳಬದಿಗೆ ತಾಗಿಸಿ ಪರೀಕ್ಷೆ, ಕಾಲು ಗಂಟೆಗೆ ಶರಾವತಿಯಿಂದ ಜಪ್ತಿ. ಇಷ್ಟು ಕಡಿಮೆ ಉಪಚಾರಕ್ಕೆ ಇಷ್ಟು ಸುಖ ಕೊಡುವ ಗುಣವಿದ್ದೂ ಮೊದಲೇ ತಿಳಿಸದ ತಮ್ಮ ವಿನಯಕ್ಕೆ ಏನೆನ್ನಲಿ! ಸೊಂಟ ದಿನದಿನಕ್ಕೆ ಸಡಿಲವಾಗುತ್ತಿದೆ. ಹೊಸನಗರದಲ್ಲಿ ಮುಂದಿನ ತಿಂಗಳು ಮುಂಜಿಯೊಂದಿದೆ, ಬಕೆಟ್ ಯಾರ ಕೈಗೆಂದು ಇನ್ನೂ ತೀರ್ಮಾನವಾಗಿಲ್ಲ. ಆದ್ದರಿಂದ ತಾವು ಆದಷ್ಟು ಬೇಗ ಎರಡು ಕೈ ಬೆಳೆಸಿಕೊಂಡು ಸಾಕಾದಾಗ ಬಾಯಿಗೆ ಅಡ್ಡ ಹಿಡಿಯಬೇಕೆಂದೂ, ನನಗೆ ಜೊಂಪು ಹತ್ತಿದರೆ ಶರಾವತಿಯ ಧ್ವನಿಯಲ್ಲಿ ಗದರಬೇಕೆಂದೂ ಸವಿನಯವಾಗಿ ಕೋರುತ್ತೇನೆ.

ಇನ್ನೆಂದೂ ತಮ್ಮ ಮೇಲೆ ಮಲಗದ, ಆದರೂ ತಮ್ಮನ್ನು ಬಿಟ್ಟಿರಲಾರದ
ತಮ್ಮ ವಿಶ್ವಾಸಿ,
ಸುಬ್ಬರಾಯ

ಮರೆತ ಮಾತು: ಈ ಪತ್ರ ಮುಗಿಸುವಷ್ಟರಲ್ಲಿ ಹೊಸನಗರದ ಮುಂಜಿಯೂ ಮುಗಿಯಿತು. ಬಗ್ಗಿ ರೂಢಿಯಿಲ್ಲದ ಹೇರಂಬನಿಗೆ ತೀರ್ಥಹಳ್ಳಿಯ ಒಂದೇ ಮದುವೆಗೆ ಸೊಂಟ ಹಿಡಿದಿದ್ದು, ತಮ್ಮನ್ನು ಎರವಲು ಕೇಳಿಕೊಂಡು ಬಂದಿದ್ದ. ದ್ವೇಷ ಸಾಧಿಸಲಿಲ್ಲ, ಎಲ್ಲ ನಿಯಮವನ್ನೂ ಎರಡು ಸಲ ಹೇಳಿ, ಟವೆಲ್ ಸಮೇತ ಕೊಟ್ಟೆ. ಅವನು ಪಂಕ್ತಿಯಲ್ಲಿ ನೆಟ್ಟಗೆ ಕೂತಿದ್ದಾಗ ಬಕೆಟ್ ಹಿಡಿದು ನಾನೇ ಹೋದೆ, ಅವನು ಎಲೆಗೆ ಎರಡೂ ಕೈ ಅಡ್ಡ ಹಿಡಿದ. ಮೂರರಲ್ಲಿ ಎರಡು ಪಾಲು ಎಂಬ ನಿಯಮ ತಮಗೆ ಮಾತ್ರ ಅನ್ವಯ, ಹೇರಂಬನ ಎಲೆಗಲ್ಲ.