ಬಾಲ್ಕನಿಯ ಹನ್ನೆರಡು ಸ್ಟ್ರಾಬೆರಿ

ನನ್ನ ಮಾವನವರಿಗೆ ನನ್ನ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಅವರ ಬಾಯಲ್ಲಿರುವ ಹಲ್ಲಿನ ಸೆಟ್ಟು ನಾನೇ ಮಾಡಿಕೊಟ್ಟದ್ದು (ಹಲ್ಲು ಕಟ್ಟುವುದೇ ನನ್ನ ಹೊಟ್ಟೆಪಾಡು). ಆ ಹಲ್ಲುಗಳನ್ನೇ ಕಡಿಯುತ್ತಾ, "ನಮ್ಮ ಅಳಿಯಂದ್ರ ಕೈಲಿ ಒಂದು ಕೆಲಸಾನೂ ನೆಟ್ಟಗಾಗಲ್ಲ" ಎಂದು ಊರಿಗೆಲ್ಲ ಸಾರುತ್ತಾರೆ. ಬಾಲ್ಕನಿಯಲ್ಲಿ ಸ್ಟ್ರಾಬೆರಿ ಬೆಳೆದು, ಆ ಬಾಯಿಂದಲೇ 'ಭೇಷ್' ಅನ್ನಿಸಿಕೊಳ್ಳುತ್ತೇನೆಂದು ನಾನು ಘೋರ ಪ್ರತಿಜ್ಞೆ ಮಾಡಿದೆ.

ಆರು ಕುಂಡ, ಐದು ತಿಂಗಳು, ಮನೆಯೆಲ್ಲ ಗೊಬ್ಬರದ ವಾಸನೆ. ಹಣ್ಣೇನೋ ಬಿಟ್ಟವು. ಆದರೆ ಕೆಂಪಾಗುವುದೇ ತಡ, ಹಕ್ಕಿಗಳು ಬಂದು ಮುಗಿಸಿ ಹೋಗುತ್ತಿದ್ದವು. ಭಾನುವಾರ ಮಾವನವರು ಬರುವವರಿದ್ದರು. ಗಿಡದಲ್ಲಿ ಉಳಿದಿದ್ದದ್ದು ಒಂದೇ ಒಂದು ಹಣ್ಣು!

ಆಗ ಹೊಳೆಯಿತು ನೋಡಿ ಉಪಾಯ! ಹಲ್ಲಿನ ಸೆಟ್ಟಿಗೆ ವಸಡು ಮಾಡುವ ಪ್ಲಾಸ್ಟಿಕ್ಕಿಗೆ ಒಂದಿಷ್ಟು ಕೆಂಪು ಬಣ್ಣ ಬೆರೆಸಿ ಹನ್ನೊಂದು ಸ್ಟ್ರಾಬೆರಿ ಮಾಡಿದೆ. ಒಂದೊಂದು ಬೀಜವನ್ನೂ ಸೂಜಿಮೊನೆಯಲ್ಲಿ ಚುಚ್ಚಿ, ಹೊಳಪು ಕೊಟ್ಟು, ಗಿಡಕ್ಕೆ ಸಿಕ್ಕಿಸಿದೆ. ಹಕ್ಕಿಗಳು ಎರಡು ದಿನ ಕುಕ್ಕಿ ಕುಕ್ಕಿ ಸುಸ್ತಾಗಿ, ಪಕ್ಕದ ಮನೆಗೆ ವಲಸೆ ಹೋದವು.

"ರೀ, ನಿಜವಾದ ಹಣ್ಣಿಗೆ ಒಂದು ದಾರನಾದ್ರೂ ಕಟ್ಟಿ," ಎಂದಳು ಹೆಂಡತಿ.

"ಮಾಡಿದೋನಿಗೆ ಗೊತ್ತಾಗಲ್ವೇನೇ? ಹೆತ್ತೋರು ಮಕ್ಕಳಿಗೆ ಗುರುತಿನ ದಾರ ಕಟ್ತಾರಾ?"

"ಹೆತ್ತೋರು ಒಂದೇ ಥರದ ಹನ್ನೆರಡು ಹೆರೋದಿಲ್ಲ ಕಣ್ರೀ!"

ಹೆಂಗಸರಿಗೆ ಕಲೆಯ ವಿಷಯ ಎಲ್ಲಿ ತಿಳಿಯಬೇಕು ಎಂದುಕೊಂಡೆ.

ಭಾನುವಾರ ಮಾವನವರನ್ನು ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಅವರು ಕನ್ನಡಕ ಏರಿಸಿ, "ಪರವಾಗಿಲ್ವೇ, ಚೆನ್ನಾಗೇ ಬಿಟ್ಟಿದೆ" ಎಂದರು. ನನಗೆ ಆಕಾಶಕ್ಕೆ ಮೂರೇ ಗೇಣು! ಗಿಡವನ್ನು ಒಂದು ಕ್ಷಣ ದಿಟ್ಟಿಸಿ, ಎಲ್ಲಕ್ಕಿಂತ ಕೆಂಪಗೆ, ಎಲ್ಲಕ್ಕಿಂತ ರಸಭರಿತವಾಗಿ ಕಂಡದ್ದನ್ನು ಕಿತ್ತೆ.

"ಮಾವ, ಆ ಅನ್ನಿ," ಎಂದು ನಾನೇ ಬಾಯಿಗಿಟ್ಟೆ.

ಕಟಕ್!

ಮಾವನವರು ಅಂಗೈಗೆ ಉಗುಳಿದರು: ಒಂದು ಸ್ಟ್ರಾಬೆರಿ, ಎರಡು ತುಂಡಾದ ಸೆಟ್ಟು. ಹೆಂಡತಿ ಗಿಡದ ಹಣ್ಣುಗಳನ್ನೆಲ್ಲ ಒಂದೊಂದಾಗಿ ಹಿಸುಕಿ ನೋಡಿ, ಮೆತ್ತಗಿದ್ದ ಒಂದನ್ನು ಕಿತ್ತು ಬಾಯಿಗೆ ಹಾಕಿಕೊಂಡಳು.

"ಸಿಹಿಯಾಗಿದೆ ಅಪ್ಪಾ," ಎಂದಳು, ನನ್ನನ್ನೇ ನೋಡುತ್ತಾ.

ಮಾವನವರಿಗೆ ಮಗಳ ಕಡೆ ಗಮನವೇ ಇಲ್ಲ. ಪ್ಲಾಸ್ಟಿಕ್ ಹಣ್ಣನ್ನು ಕರವಸ್ತ್ರದಲ್ಲಿ ಒರೆಸಿ, ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು.

"ಒಂದು ಗೀರೂ ಬಿದ್ದಿಲ್ವಲ್ರೀ! ಭೇಷ್, ಅಳಿಯಂದ್ರೇ! ಇಂಥ ಗಟ್ಟಿ ಕೆಲಸ ನಿಮ್ಮ ಕೈಲಾಗುತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಹಾಳು ಹಲ್ಲಿಗೆ ಎಂಥದೋ ಕಳಪೆ ಸಾಮಾನು ಹಾಕಿದ್ರಿ ಅನ್ಸುತ್ತೆ. ಈ ಸಲ ಹಣ್ಣಿನ ಸಾಮಾನಲ್ಲೇ ಮಾಡ್ಕೊಡಿ."

ಎರಡೂ ಒಂದೇ ಡಬ್ಬಿಯದು ಎನ್ನಲು ನನಗೆ ಬಾಯಿಯೇ ಬರಲಿಲ್ಲ.