ಮಾವಶಿ ರಸ್ತೆ ದಾಟುವ ರೀತಿ

ನಮ್ಮ ಮಾವಶಿಗೆ, ಅಂದರೆ ಅವ್ವನ ತಂಗಿಗೆ, ದೇವರ ಮೇಲೆ ಎಷ್ಟು ನಂಬಿಕೆಯೋ ಗೊತ್ತಿಲ್ಲ. ಎಮ್ಮೆಗಳ ಮೇಲೆ ಮಾತ್ರ ಪೂರ್ತಿ ನಂಬಿಕೆ! ನಗಬೇಡಿ. ಮಿರಜದಿಂದ ಕುಪವಾಡದ ಕಡೆಗೆ ಹೋಗುವ ರಸ್ತೆಯ ಅಂಚಿಗೇ ಅವಳ ಮನೆ. ಕಾಯಿಪಲ್ಲೆ, ಕಿರಾಣಿ ಅಂಗಡಿ, ಗುಡಿ, ದವಾಖಾನೆ ಎಲ್ಲ ಆಚೆ ಬದಿಗೆ. ನಡುವೆ ಕಾರ್ಖಾನೆಯ ಟೆಂಪೊ, ಕಬ್ಬಿನ ಟ್ರ್ಯಾಕ್ಟರು, ಯಮನ ಖಾಸಾ ಅಳಿಯಂದಿರಂಥ ಮೋಟರ್‌ಸೈಕಲ್ಲಿನವರು.

ದಿನಾ ಬೆಳಿಗ್ಗೆ ಮಾವಶಿ ಕೈಚೀಲ ಹಿಡಿದು ಬಾಗಿಲಲ್ಲಿ ಕಾಯುವಳು. ಓಣಿಯ ಗೌಳಿಯ ಎಮ್ಮೆಗಳು ರಸ್ತೆಗಿಳಿದವೋ, ಅವುಗಳ ನಡುವೆ ತಾನೂ ಸೇರಿ ಗಂಭೀರವಾಗಿ ದಾಟುವಳು! ಗೌಳಿ ತಂಗಿಯ ಮದುವೆಗೆಂದು ಊರಿಗೆ ಹೋದಾಗ ಕಾಯಿಪಲ್ಲೆ ತರಲಾಗದೆ ಮಾವಶಿಯ ಮನೆಯಲ್ಲಿ ವಾರವಿಡೀ ರೊಟ್ಟಿ, ಕಡಲೆಹಿಟ್ಟಿನ ಜುಣಕ, ಜುಣಕ, ರೊಟ್ಟಿ.

"ಇದೇನು ಹುಚ್ಚು, ಮಾವಶಿ?" ಎಂದೆ.

"ಮನಷ್ಯಾಗ ಯಾರು ಬ್ರೇಕ್ ಹಾಕ್ತಾರೋ ತಮ್ಮಾ? ಎಮ್ಮಿ ಸತ್ರ ಗೌಳಿ ಬಡಿಗಿ ತಗೊಂಡು ಬರ್ತಾನ. ನಾ ಸತ್ರ ಯಾರು ಬರ್ತಾರ?"

"ನಾವು ಬರೂದಿಲ್ಲೇನು?"

"ಬರ್ತೀರಿ. ಹಾರ ತಗೊಂಡು!"

ಅಷ್ಟರಲ್ಲಿ ರಸ್ತೆ ಸುಧಾರಿಸುವವರು ಬಂದರು. ಓಣಿಯ ಸಭಾಗೃಹದಲ್ಲಿ ಸಭೆ. ಸಾಹೇಬರು ಗೋಡೆಯ ಮೇಲೆ ಬಣ್ಣದ ಚಿತ್ರ ತೋರಿಸಿ, ಮರಾಠಿಯಲ್ಲಿ ವಿವರಿಸಿದರು: ರಸ್ತೆ ಅಗಲ ಮಾಡಬಹುದು, ಸಿಗ್ನಲ್ ಹಾಕಬಹುದು, ಇಲ್ಲವೆ ದಾಟಲು ಮೆಟ್ಟಿಲಿನ ಸೇತುವೆ ಕಟ್ಟಬಹುದು. ಕಾರಿನವರಿಗೆ ಅಗಲವಾದ ರಸ್ತೆ ಬೇಕು. ಅಂಗಡಿಯವರಿಗೆ ತಮ್ಮ ಮುಂದೆ ಗಾಡಿ ನಿಲ್ಲಿಸಲು ಜಾಗ ಬೇಕು. ಪುಢಾರಿಗಳಿಗೆ ಏನಾದರೂ ಸರಿ, ತೆಂಗಿನಕಾಯಿ ಒಡೆಯುವಂಥದು ಬೇಕು!

ಮಾವಶಿ ಎದ್ದು ನಿಂತು ಚಿತ್ರವನ್ನೇ ದಿಟ್ಟಿಸಿದಳು.

"ಸಾಹೇಬ್ರ, ಈ ಚಿತ್ರದಾಗ ಮುದುಕರು ಒಬ್ಬರೂ ಇಲ್ಲಲ್ಲರಿ. ಆಗ್ಲೇ ಸತ್ತಾರೇನು?"

ಸಭೆ ನಕ್ಕಿತು. ಸಾಹೇಬರೂ ನಕ್ಕರು. "ಆಜಿ, ಸೇತುವೆ ಕಟ್ಟಿದರೆ ನೀವು ಆರಾಮಾಗಿ ಮೇಲೆ ಹೋಗಬಹುದು" ಎಂದು ಸಮಾಧಾನ ಹೇಳಿದರು.

"ಮ್ಯಾಲ ಹೋಗೂದು ಹೆಂಗೂ ಐತ್ರಿ. ನಿಮಗ್ಯಾಕ ಅಷ್ಟು ಅವಸರ?"

ಮತ್ತೆ ನಗೆ. ಅವಳು ನಗಲಿಲ್ಲ. "ನಡಕೋತ ಹೋಗವರಿಗೆ ಒಂದೀಟು ಜಾಗಾ ಬಿಡ್ರಿ. ಗಾಡಿ ಸಾವಕಾಶ ಹೋಗೂಹಂಗ ಎರಡು ಉಬ್ಬು ಹಾಕ್ರಿ. ಅದೂ ಆಗೂದಿಲ್ಲ ಅಂದ್ರ ಒಂದು ಎಮ್ಮಿನ್ನ ಪಗಾರದ ಮ್ಯಾಲ ಇಡ್ರಿ!" ಎಂದು ಕುಳಿತಳು. ಚಪ್ಪಾಳೆಯೋ ಚಪ್ಪಾಳೆ! ಚಪ್ಪಾಳೆ ತಟ್ಟಿದವರೇ ಆಮೇಲೆ ಕೈಯೆತ್ತಿ ರಸ್ತೆ ಅಗಲ ಮಾಡಿಸಿದರು. ನಮ್ಮ ಜನ ಬುದ್ಧಿಮಾತಿಗೆ ಕೊಡುವ ಗೌರವ ಇಷ್ಟೇ ಅಲ್ಲವೆ?

ರಸ್ತೆ ಅಗಲವಾಯಿತು. ಫುಟ್‌ಪಾತ್ ಹೋಯಿತು. ಹೆಂಗಸರು ಸಂಜೆ ಕೂಡುತ್ತಿದ್ದ ಕಟ್ಟೆಯೂ ಹೋಯಿತು. ಮೊದಲು ಗುಂಡಿಗಳಿಗಾದರೂ ಹೆದರಿ ನಿಧಾನ ಬರುತ್ತಿದ್ದ ಗಾಡಿಗಳು ಈಗ ಗಾಳಿಯಂತೆ ಬಂದವು. ದಾಟಲೆಂದು ಬಳಿದ ಬಿಳಿ ಪಟ್ಟೆಯ ಮೇಲೆಯೇ ಉದ್ಘಾಟನೆಯ ಮಂಟಪ ಹಾಕಿದ್ದರು. ಅದನ್ನು ಕಿತ್ತಾಗ ಪಟ್ಟೆಯ ಅರ್ಧ ಬಣ್ಣ ಎದ್ದುಹೋಗಿತ್ತು. ಉಳಿದದ್ದನ್ನು ಟೈರುಗಳು ಒರೆಸಿದವು.

ಮಳೆಗಾಲಕ್ಕೆ ಮುಂಚೆ ಪಕ್ಕದ ಮನೆಯ ಟೇಲರನ ಹೆಂಡತಿಗೆ ಮೋಟರ್‌ಸೈಕಲ್ ಬಡಿದು ಸೊಂಟ ಮುರಿಯಿತು. ಹಾಲು ತರಲು ಹೊರಟಿದ್ದಳು. ಪಂಚನಾಮೆಗೆ ಬಂದ ಪೊಲೀಸರು "ಹೆಣ್ಣುಮಗಳು ನೋಡಿ ದಾಟಬೇಕಾಗಿತ್ತು" ಎಂದರು. ಗೌಳಿ ಕೂಡ ಕೊಟ್ಟಿಗೆ ಮುಚ್ಚಿ ಎಮ್ಮೆ ಮಾರಿಬಿಟ್ಟ. ಅಂದಿನಿಂದ ಮಾವಶಿ ರಸ್ತೆಗೆ ಇಳಿಯುವುದನ್ನೇ ಬಿಟ್ಟಳು. ಗುಡಿಯೂ ಇಲ್ಲ, ಸಂತೆಯೂ ಇಲ್ಲ. ಸಭೆಯಲ್ಲಿ ಅಷ್ಟು ಜನರನ್ನು ನಗಿಸಿದವಳು, "ಸೊಸಿ ಫೋನ್ ಮಾಡಿ ಎಲ್ಲಾ ತರಸ್ತಾಳ" ಎಂದು ಗೋಡೆ ನೋಡುತ್ತ ಕೂಡತೊಡಗಿದಳು.

ಹೋದ ತಿಂಗಳು ಸಾಂಗಲಿಯಿಂದ ಅವಳನ್ನು ನೋಡಲು ಹೋದೆ. ಬಸ್ಸು ಆಚೆ ಬದಿಗೆ ಇಳಿಸಿತು. ತಲೆ ಪೂರ್ತಿ ನರೆತ ನಾನು, ಒಂದು ಹೆಜ್ಜೆ ಮುಂದೆ ಇಡುವುದು, ಹಾರ್ನು ಕೇಳಿ ಹಿಂದೆ ಜಿಗಿಯುವುದು ನಡೆಸಿದ್ದೆ. ಕಿಟಕಿಯಿಂದ ಮಾವಶಿ ನೋಡಿರಬೇಕು. ಬಾಗಿಲು ತೆರೆಯಿತು. ಚಪ್ಪಲಿ ಕೂಡ ಮೆಟ್ಟದೆ ರಸ್ತೆಗೆ ಇಳಿದೇಬಿಟ್ಟಳು!

ಒಂದು ಟೆಂಪೊ ಕಿರ್ರೆಂದು ನಿಂತಿತು. ಡ್ರೈವರ್ ತಲೆ ಹೊರಹಾಕಿ ಬೈದ. ಅವಳು ತಿರುಗಿಯೂ ನೋಡಲಿಲ್ಲ. ನೇರ ಬಂದು ನನ್ನ ಬಲಗೈಯ ಮಣಿಕಟ್ಟು ಹಿಡಿದಳು.

"ಗಾಡಿ ಕಡೆ ನೋಡಬ್ಯಾಡ. ನನ್ನ ನೋಡಕೋತ ಬಾ."

ನೋಡುತ್ತ ಬಂದೆ. ಎರಡೂ ಕಡೆ ಹಾರ್ನು ಬಡಿದುಕೊಂಡವು. ಅವಳ ಹಿಡಿತ ಮಾತ್ರ ಸಡಿಲಾಗಲಿಲ್ಲ. ಹೊಸ್ತಿಲು ದಾಟಿದೆವು, ಸೊಸೆ ನೀರು ತಂದಿಟ್ಟಳು. ನಾನು ಎಡಗೈಯಿಂದಲೇ ತಂಬಿಗೆ ಎತ್ತಿ ಕುಡಿದೆ.